ಪೀಪಾಯಿಯ ಪರಿಮಳ, ಹಗೇವಿನ ನೆನಪು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮದ್ಯದ ವಿಚಾರವೇ ಎಂದು ಓದುಗರಲ್ಲಿ ಕೆಲವರಿಗೆ ಅನ್ನಿಸಬಹುದು. ಮನೆಮಂದಿಯೆಲ್ಲ ಕೂಡಿ ಓದುವ ಪುಸ್ತಕವಿದು ಎಂಬ ಅರಿವು ನಮಗೂ ಇದೆ. ಆದರೂ ಬರೆಯುತ್ತಿದ್ದೇವೆ. ಏಕೆಂದರೆ ಈ ಬರಹದ ವಿಷಯ ಕುಡಿತವಲ್ಲ. ಒಂದು ಸಣ್ಣ ಸೀಸೆಯ ನೆಪದಲ್ಲಿ ನಮ್ಮ ನುಡಿಯ ಉಗ್ರಾಣದಲ್ಲಿ ಏನು ಉಳಿದಿದೆ, ಏನು ಆರಿಹೋಗಿದೆ ಎಂಬುದು ನಮಗೆ ಕಂಡ ಬಗೆ.

ನಾವು ಎಂದರೆ ಐವರು. ಜಹೀರಾಬಾದಿನವರು ಇಬ್ಬರು, ನಾರಾಯಣಖೇಡದವರು ಒಬ್ಬರು, ತಾಂಡೂರಿನವರು ಇಬ್ಬರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಹಳೆಯ ಕಾಗದಪತ್ರಗಳಲ್ಲಿ ಉರ್ದು, ಬೀಗರ ಮನೆಯಲ್ಲಿ ಒಮ್ಮೊಮ್ಮೆ ಮರಾಠಿ; ಇದು ನಮ್ಮ ಸೀಮೆಯ ನಿತ್ಯದ ಲೆಕ್ಕ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯವಾಗಿದ್ದವು. ತಾಂಡೂರು ಕಲಬುರಗಿ ಜಿಲ್ಲೆಯದಾಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿರ್ಣಾ ವೃತ್ತವನ್ನು ಬಿಟ್ಟು ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ನಾರಾಯಣಖೇಡ, ತಾಂಡೂರು, ಕೊಡಂಗಲ್ ಇವೆಲ್ಲ ಆಂಧ್ರಕ್ಕೆ ಸೇರಿದವು. 2014ರಲ್ಲಿ ತೆಲಂಗಾಣದ ಪಾಲಾದವು. ನಾವು ಎಲ್ಲಿಯೂ ಹೋಗಲಿಲ್ಲ. ಗಡಿ ನಮ್ಮ ಮನೆಗಳ ಮೇಲಿಂದ ಹಾಯ್ದು ಹೋಯಿತು.

ನಮ್ಮಲ್ಲೊಬ್ಬರ ಅಕ್ಕನ ಮಗ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಹೋದ ಚಳಿಗಾಲದಲ್ಲಿ ಊರಿಗೆ ಬಂದವನು ಔಷಧದ ಸೀಸೆಯಂತಹ ಒಂದು ಪುಟ್ಟ ಸೀಸೆಯನ್ನು ತಂದ. ಅದರೊಳಗೆ ಇದ್ದದ್ದು 100 ಮಿಲಿಲೀಟರ್ ವಿಸ್ಕಿ. ಅಲ್ಲಿ ಅಪರೂಪದ ಸೀಸೆಯೊಂದನ್ನು ಹಲವರು ಕೂಡಿ ಕೊಂಡು ಹಂಚಿಕೊಳ್ಳುವ ರೂಢಿಯಿದೆಯಂತೆ; ತನ್ನ ಪಾಲಿಗೆ ಬಂದದ್ದನ್ನು ಆತ ಕುಡಿಯದೆ ಸೋದರಮಾವಂದಿರಿಗಾಗಿ ಇಟ್ಟುಕೊಂಡು ಬಂದಿದ್ದ. ಲಿನ್‌ಲಿತ್ಗೋ ಎಂಬ ಊರಿನ ಸೇಂಟ್ ಮ್ಯಾಗ್ಡಲೀನ್ ಭಟ್ಟಿಯಲ್ಲಿ 1982ರಲ್ಲಿ ಇಳಿಸಿ, ಒಂದೇ ಪೀಪಾಯಿಯಲ್ಲಿ ಸುಮಾರು ಮೂವತ್ತು ವರ್ಷ ಇರಿಸಿ, ನೀರು ಬೆರೆಸದೆ ಸೀಸೆಗೆ ತುಂಬಿದ ಮಾಲು ಅದು.

ಆ ಭಟ್ಟಿ ಈಗಿಲ್ಲ. 18ನೆಯ ಶತಮಾನದಲ್ಲಿ ಆರಂಭವಾದ ಅದು 1983ರಲ್ಲಿ ಬಾಗಿಲು ಹಾಕಿತು. ಆ ವರ್ಷ ಸ್ಕಾಟ್ಲೆಂಡಿನಲ್ಲಿ ವಿಸ್ಕಿಯ ದಾಸ್ತಾನು ಹೆಚ್ಚಿ ಬೇಡಿಕೆ ಕುಸಿದಿದ್ದರಿಂದ ಒಂದೇ ಕಂಪನಿ ಹತ್ತಕ್ಕೂ ಹೆಚ್ಚು ಭಟ್ಟಿಗಳನ್ನು ಮುಚ್ಚಿತು. ಸೇಂಟ್ ಮ್ಯಾಗ್ಡಲೀನಿನ ಕಟ್ಟಡಗಳು ಆಮೇಲೆ ವಾಸದ ಮನೆಗಳಾದವು. ಆದರೆ ಉಗ್ರಾಣಗಳಲ್ಲಿ ಮಲಗಿದ್ದ ಪೀಪಾಯಿಗಳಿಗೆ ಇದಾವುದೂ ತಿಳಿಯದು. ತಾಯಿ ಸತ್ತ ಮೇಲೂ ಮಗು ಬೆಳೆದಂತೆ, ಭಟ್ಟಿಯ ಬೆಂಕಿ ಆರಿದ ಮೇಲೂ ಒಳಗಿನ ರಸ ಮಾಗುತ್ತಲೇ ಇತ್ತು.

ವಿಷಯ ಬಲ್ಲವರಿಗೆ ಬೇಸರವಾಗದಿರಲಿ; ಬಲ್ಲದವರಿಗಾಗಿ ನಾಲ್ಕು ಮಾತು. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಅರೆದು, ಬಿಸಿನೀರಿನಲ್ಲಿ ಅದರ ಸಿಹಿಯನ್ನು ತೆಗೆದು, ಹುಳಿ ಬರಿಸಿ, ತಾಮ್ರದ ಪಾತ್ರೆಯಲ್ಲಿ ಎರಡು ಸಲ ಬಟ್ಟಿ ಇಳಿಸಿದರೆ ನೀರಿನಂತೆ ಬಣ್ಣವಿಲ್ಲದ ಮದ್ಯ ಬರುತ್ತದೆ. ಅದನ್ನು 700 ಲೀಟರಿಗೆ ಮೀರದ ಓಕ್ ಮರದ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದಲ್ಲಿಯೇ, ಕಡಿಮೆಯೆಂದರೆ ಮೂರು ವರ್ಷ ಇಟ್ಟರೆ ಮಾತ್ರ ಸ್ಕಾಚ್ ಎಂಬ ಹೆಸರು ಸಲ್ಲುತ್ತದೆ. ಬಣ್ಣವೂ ಬಹುಪಾಲು ಪರಿಮಳವೂ ಮರದ ಕೊಡುಗೆ. ಪೇಟೆಯಲ್ಲಿ ಸಿಗುವ ಸೀಸೆಗಳು ಸಾಮಾನ್ಯವಾಗಿ ನೂರಾರು ಪೀಪಾಯಿಗಳ ಬೆರಕೆ. ಒಂದು ವರ್ಷದ ರುಚಿ ಮರುವರ್ಷಕ್ಕೆ ಬದಲಾಗಬಾರದೆಂದು ಹಾಗೆ ಕೂಡಿಸುತ್ತಾರೆ. ಒಂದೇ ಪೀಪಾಯಿಯದಾದರೆ ಮಾತು ಬೇರೆ. ಪಕ್ಕದ ಪೀಪಾಯಿಯೂ ಅದರಂತೆ ಇರುವುದಿಲ್ಲ. ಅದು ತೀರಿದರೆ ತೀರಿತು.

ಪೀಪಾಯಿಯ ಮರ ಉಸಿರಾಡುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ. ಅಲ್ಲಿಯವರು ಅದನ್ನು ದೇವದೂತರ ಪಾಲು ಎನ್ನುತ್ತಾರೆ. ನಮ್ಮಲ್ಲಿ ಲೆಕ್ಕದ ಮಾಸ್ತರರೊಬ್ಬರಿದ್ದಾರೆ. ಅವರು ಕಾಗದ ತೆಗೆದು ಕುಳಿತರು. 250 ಲೀಟರಿನ ಪೀಪಾಯಿ ಮೂವತ್ತು ವರ್ಷಕ್ಕೆ 136 ಲೀಟರಿಗೆ ಇಳಿಯುತ್ತದೆ. 700 ಮಿಲಿಲೀಟರಿನ ಸೀಸೆಗಳಾದರೆ ಸುಮಾರು 190. ಇಡೀ ಜಗತ್ತಿಗೆ ಅಷ್ಟೇ. ಅದರಲ್ಲಿ ತಲಾ 20 ಮಿಲಿಲೀಟರ್ ನಮ್ಮ ಐವರ ಮುಂದೆ ಬಂದಿತ್ತು.

ಸೀಸೆ ತೆರೆಯುವ ಮುನ್ನ ಆ ಮನೆಯ ಹಿರಿಯ ಅಕ್ಕ, ಅಂದರೆ ಹುಡುಗನ ತಾಯಿ, ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ಇಲ್ಲಿ ದಾಖಲಿಸಲೇಬೇಕು.

"ನಿಮ್ಮ ಶೀಶೇದಾಗ ಎಷ್ಟ್ ವರ್ಷದ್ದು ಅದ, ಎಷ್ಟ್ ರೊಕ್ಕದ್ದು ಅದ ಅಂತ ಬರಕೋಳ್ರಿ. ನಮ್ಮ ಓಣ್ಯಾಗ ಇದರಿಂದ ಎಷ್ಟ್ ಮನಿ ಹಾಳಾಗ್ಯಾವ ಅಂಬೋದೂ ಬರಕೋಳ್ರಿ."

ಅವರ ಮಾತಿಗೆ ನಮ್ಮಲ್ಲಿ ಎದುರು ಮಾತಿರಲಿಲ್ಲ. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ, 1990ರ ದಶಕದ ಆರಂಭದಲ್ಲಿ, ಸಾಕ್ಷರತಾ ತರಗತಿಗೆ ಬಂದು ಅಕ್ಷರ ಕಲಿಯುತ್ತಿದ್ದ ಹೆಣ್ಣುಮಕ್ಕಳು ಸಾರಾಯಿ ಅಂಗಡಿಯನ್ನು ಮುಚ್ಚಿಸಲು ಎದ್ದರು. ಆ ಕಿಚ್ಚು ಇಡೀ ಆಂಧ್ರಕ್ಕೆ ಹಬ್ಬಿತು. 1993ರಲ್ಲಿ ಸಾರಾಯಿ ನಿಂತಿತು. 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರಕಾರ ಪೂರ್ಣ ಪಾನನಿಷೇಧವನ್ನೇ ತಂದಿತು. 1997ರಲ್ಲಿ ಅದು ಸಡಿಲಾಯಿತು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ಒಂದು ಪಾಠ ಓದಿದ್ದಕ್ಕೆ ಒಂದು ರಾಜ್ಯದ ಅಬಕಾರಿ ಲೆಕ್ಕ ಬದಲಾದ ಈ ಸಂಗತಿ, ಅಕ್ಷರದ ಶಕ್ತಿಯನ್ನು ನಂಬುವ ಸಂಘಗಳಿಗೆಲ್ಲ ನೆನಪಿರಬೇಕಾದದ್ದು.

ನಾರಾಯಣಖೇಡದ ನಮ್ಮ ಗೆಳೆಯರು ರೈತರು. ಅವರ ತಂದೆ ಸಾರಾಯಿಯಿಂದಲೇ ನಲವತ್ತರ ಒಳಗೆ ತೀರಿದರು. ಹೊಲದ ಅರ್ಧ ಅದಕ್ಕೇ ಹೋಯಿತು. ಅಂದಿನಿಂದ ಇಂದಿನವರೆಗೆ ಅವರು ಒಂದು ಹನಿಯನ್ನೂ ಮುಟ್ಟಿದವರಲ್ಲ. ಮದುವೆಯ ಊಟಗಳಲ್ಲಿ ಕುಡಿದವರ ಸಾಲಿನಲ್ಲಿ ಕೂಡ್ರುವುದೂ ಇಲ್ಲ. ಅವರು ಆ ಸಂಜೆ ಬಂದದ್ದು ಗೆಳೆತನಕ್ಕಾಗಿ. ತಮ್ಮ ಪಾಲನ್ನು ಗ್ಲಾಸಿಗೆ ಹಾಕಿಸಿಕೊಂಡು, ಕುಡಿಯುವುದಿಲ್ಲ, ಆದರೆ ಮೂಸಿ ನೋಡುತ್ತೇನೆ ಎಂದರು. ಹುಡುಗ ಹಿಗ್ಗಿದ. ಬಲ್ಲವರು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಮೂಸುವುದೇ, ನಾಲಗೆಯದು ಉಳಿದ ಕಾಲು ಪಾಲು ಎಂದ.

ಗ್ಲಾಸಿಗೆ ಹಾಕಿದ ಮೇಲೆ ಅರ್ಧ ತಾಸು ಸುಮ್ಮನೆ ಬಿಡಬೇಕೆಂದ. ಬಿಟ್ಟೆವು. ಬಣ್ಣ ಎಳೆಯ ಜೇನಿನದು. ಗ್ಲಾಸನ್ನು ಓರೆಮಾಡಿದರೆ ಒಳಗೋಡೆಗೆ ಎಣ್ಣೆಯಂತೆ ಹತ್ತಿ ನಿಧಾನವಾಗಿ ಇಳಿಯುತ್ತಿತ್ತು. ಮೂಗನ್ನು ತಟ್ಟನೆ ಒಳಗಿಟ್ಟರೆ ಬರೀ ಉರಿ; ಅಂಚಿನಲ್ಲಿ ಹಿಡಿದು ಬಾಯಿ ಸ್ವಲ್ಪ ತೆರೆದು ಉಸಿರೆಳೆದರೆ ಉರಿಯ ಹಿಂದಿನಿಂದ ಒಂದೊಂದೇ ವಾಸನೆ ಎದ್ದು ಬರುತ್ತದೆ. ಆಮೇಲೆ ಎರಡು ಹನಿ ನೀರು ಹಾಕಿದ. ನೀರು ಬಿದ್ದೊಡನೆ ಮುಚ್ಚಿದ್ದ ಬಾಗಿಲು ತೆರೆದಂತಾಯಿತು.

ಏನೇನು ವಾಸನೆ ಬರುತ್ತದೆ ಹೇಳಿ ಎಂದು ಹುಡುಗ ಕೇಳಿದ. ತಾನೇ ಮೊದಲು ಹೇಳಿದ: ಗ್ರೀನ್ ಆಪಲ್, ವೆನಿಲಾ, ವ್ಯಾಕ್ಸ್, ಓಲ್ಡ್ ಲೆದರ್. ಕನ್ನಡದಲ್ಲಿ ಹೇಳಪ್ಪಾ ಎಂದರು ಮಾಸ್ತರರು. ಆತ ತಡೆದ. ಮೇಣ ಎಂಬ ಮಾತು ಬರಲು ಕೊಂಚ ಹೊತ್ತು ಹಿಡಿಯಿತು. ತೊಗಲು ಎಂಬುದು ಬರಲೇ ಇಲ್ಲ. ತೆಲುಗಿನ ತೋಲು ಬಂತು. ಆತನನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಆತ ಓದಿದ ಶಾಲೆಯಲ್ಲಿ ಕನ್ನಡವಿರಲಿಲ್ಲ. ಮನೆಯಲ್ಲಿ ಕಿವಿಗೆ ಬಿದ್ದಷ್ಟೇ ಆತನ ಕನ್ನಡ. ಆ ಕಿವಿಗೆ ಬೀಳಬೇಕಾದ ಮಾತುಗಳನ್ನು ಆಡಬೇಕಾದವರು ನಾವು.

ಬಳಿಕ ನಮ್ಮ ಸರದಿ. ಆಗ ನಡೆದದ್ದನ್ನು ನಾವು ನಿರೀಕ್ಷಿಸಿರಲಿಲ್ಲ. ತಾಂಡೂರಿನಲ್ಲಿ ಹಾಸುಗಲ್ಲಿನ ಪಾಲಿಶ್ ಘಟಕ ನಡೆಸುವ ಗೆಳೆಯರು ಕಣ್ಣು ಮುಚ್ಚಿ, "ಕಲ್ಲು ಕೊಯ್ಯೋವಾಗ ಮಿಷಿನ್ನಿಗೆ ನೀರು ಬಿಡ್ತೀವಲ್ಲ, ಆಗ ಏಳತದಲ್ಲ, ಆ ಹಸಿ ಕಲ್ಲಿನ ವಾಸನೆ" ಎಂದರು. ತಾಂಡೂರಿನವರೇ ಆದ ತೊಗರಿ ವ್ಯಾಪಾರಿಗಳು, ಹೊಸ ತೊಗರಿಯ ಹೊಟ್ಟು ಬಿಸಿಲಿಗೆ ಕಾದಾಗಿನ ವಾಸನೆ ಎಂದರು. ಅವರ ಊರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಅವರ ಮೂಗಿನ ಮೇಲೆ ನಮಗೆ ನಂಬಿಕೆಯಿದೆ. ಜಹೀರಾಬಾದಿನ ಕಬ್ಬಿನ ಸೀಮೆಯಲ್ಲಿ ಬೆಳೆದವರಿಗೆ ಗಾಣದ ಮನೆಯ ಕೊಪ್ಪರಿಗೆಯ ಅಂಚಿಗೆ ಅಂಟಿ ಗಟ್ಟಿಯಾದ ಬೆಲ್ಲ ನೆನಪಾಯಿತು. ಲೆಕ್ಕದ ಮಾಸ್ತರರು ಹಿಪ್ಪೆಯ ಹೂವನ್ನು ನೆನೆದರು. ಒಣಗಿಸಿದ ಹಿಪ್ಪೆಯ ಹೂವಿನ ಮತ್ತಿನ ಸಿಹಿಗಂಪು ಬಲ್ಲವರು ಈಗ ಎಷ್ಟು ಜನ ಉಳಿದಿದ್ದಾರೋ.

ಕಡೆಗೆ ನಾರಾಯಣಖೇಡದ ಗೆಳೆಯರು ಗ್ಲಾಸನ್ನು ಮೂಗಿನ ಬಳಿ ಹಿಡಿದರು. ಬಹಳ ಹೊತ್ತು ಹಿಡಿದರು. ಅವರ ಕೈ ಸ್ವಲ್ಪ ನಡುಗುತ್ತಿತ್ತು.

"ಇದರಾಗ ನಮ್ಮಪ್ಪನ ವಾಸನಿ ಇಲ್ಲ," ಎಂದರು ಮೊದಲು. ಮತ್ತೊಮ್ಮೆ ಮೂಸಿ, "ಇದು ಹಗೇವಿನ ವಾಸನಿ ಅದ. ವರ್ಷಗಟ್ಟಲೆ ಮುಚ್ಚಿದ್ದ ಹಗೇವು ತೆಗದಾಗ ಬರ್ತದಲ್ಲ, ಹಳೀ ಜೋಳದ್ದು, ಅದು" ಎಂದರು.

ಎಲ್ಲರೂ ಸುಮ್ಮನಾದೆವು. ಅವರು ಹೇಳಿದ ಮೇಲೆ ನಮ್ಮ ಗ್ಲಾಸುಗಳಲ್ಲಿಯೂ ಅದೇ ವಾಸನೆ. ಅದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲವೆನಿಸಿತು. ಆಗ ಹುಡುಗ ಕೇಳಿದ: "ಮಾವಾ, ಹಗೇವು ಅಂದರೇನು?"

ಹಗೇವು ಎಂದರೆ ನೆಲದೊಳಗೆ ತೋಡಿದ ಧಾನ್ಯದ ಕಣಜ. ಬಾಯಿ ಚಿಕ್ಕದು, ಒಡಲು ದೊಡ್ಡದು. ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು, ಮಣ್ಣು ಮುಚ್ಚಿ ಬಿಟ್ಟರೆ ಬರ ಬರುವವರೆಗೆ ಅದರ ಗೊಡವೆಯಿಲ್ಲ. ಒಳಗೆ ಕಾಳು ಉಸಿರಾಡಿ ಗಾಳಿಯನ್ನು ಕೆಡಿಸಿರುತ್ತದೆ; ಆದ್ದರಿಂದ ಬಾಯಿ ತೆಗೆದೊಡನೆ ಯಾರೂ ಇಳಿಯಬಾರದು. ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉಳಿದರೆ ಮನುಷ್ಯ ಇಳಿಯಬಹುದು. ಗ್ಲಾಸಿಗೆ ಹಾಕಿ ಅರ್ಧ ತಾಸು ಬಿಡಬೇಕೆಂದು ಸ್ಕಾಟ್ಲೆಂಡಿನಲ್ಲಿ ಕಲಿತು ಬಂದ ಹುಡುಗನಿಗೆ, ಹಾಗೆ ಕಾಯುವ ವಿದ್ಯೆ ತನ್ನ ಮುತ್ತಜ್ಜನ ಅಂಗಳದಲ್ಲಿಯೇ ಇತ್ತೆಂದು ತಿಳಿದು ಬೆರಗಾಯಿತು. ಆ ಮನೆಯಲ್ಲಿಯೇ ಹಗೇವು ಇದ್ದ ಜಾಗ ಇದೆ. ಅದರ ಮೇಲೆ ಈಗ ಮೋಟಾರು ಸೈಕಲ್ಲು ನಿಲ್ಲುತ್ತದೆ.

ವಿಸ್ಕಿ ಎಂಬ ಮಾತಿನ ಹುಟ್ಟನ್ನು ಆಮೇಲೆ ಹುಡುಗನೇ ಹೇಳಿದ. ಅದು ಸ್ಕಾಟ್ಲೆಂಡಿನ ಗೇಲಿಕ್ ನುಡಿಯ ಮಾತು. ಉಷ್ಕೆ ಬಾಹ, ಎಂದರೆ ಜೀವಜಲ. ಉಷ್ಕೆ ಎಂಬ ಬರೀ ನೀರೇ ಇಂಗ್ಲಿಷರ ಬಾಯಿಯಲ್ಲಿ ವಿಸ್ಕಿಯಾಯಿತು. ಇಂದು ಭೂಮಂಡಲದಲ್ಲಿ ಆ ಮಾತು ತಿಳಿಯದ ಊರಿಲ್ಲ. ಜಹೀರಾಬಾದಿನ ಹೆದ್ದಾರಿಯ ಬದಿಯ ಫಲಕಗಳಲ್ಲಿಯೂ ಇದೆ. ಆದರೆ ಆ ಮಾತನ್ನು ಹೆತ್ತ ಗೇಲಿಕ್ ಆಡಬಲ್ಲವರು ಸ್ಕಾಟ್ಲೆಂಡಿನ 2011ರ ಜನಗಣತಿಯಲ್ಲಿ 60 ಸಾವಿರಕ್ಕೂ ಕಡಿಮೆ. ಸರಕು ಗೆದ್ದು ಹೆಸರೂ ಗೆದ್ದಿತು. ಹೆಸರಿಟ್ಟ ನುಡಿ ಮಾತ್ರ ದ್ವೀಪಗಳ ಅಂಚಿಗೆ ಸರಿಯಿತು. ಗಡಿಯವರಾದ ನಾವು ಈ ಸಂಗತಿಯನ್ನು ಸುಲಭವಾಗಿ ಮರೆಯಲಾರೆವು. ತೊಗರಿಯ ಹೆಸರು ಉಳಿದರೆ, ಕಲ್ಲಿನ ಹೆಸರು ಉಳಿದರೆ ನುಡಿಯೂ ಉಳಿಯಿತೆಂದು ಸಮಾಧಾನಪಡುವಂತಿಲ್ಲ.

ಕನ್ನಡಕ್ಕೆ ಈ ಬಗೆಯ ಮಾತುಗಳ ಬಡತನ ಮೊದಲಿನಿಂದ ಬಂದದ್ದಲ್ಲ. 941ರ ಸುಮಾರಿಗೆ ಭಾರತವನ್ನು ಬರೆದ ಪಂಪ ಅದರಲ್ಲಿ ಪಾನಗೋಷ್ಠಿಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಆತ ಆಶ್ರಯ ಪಡೆದ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿಯೇ ಇದೆ ಎಂಬುದನ್ನು ನಮ್ಮ ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. 12ನೆಯ ಶತಮಾನದಲ್ಲಿ, ಜಹೀರಾಬಾದಿಗೆ ದೂರವಲ್ಲದ ಕಲ್ಯಾಣದಲ್ಲಿ, ಹೆಂಡದ ಮಾರಯ್ಯ ಎಂಬ ಶರಣ ಹೆಂಡ ಮಾರುವ ಕಾಯಕದವನು. ಧರ್ಮೇಶ್ವರಲಿಂಗ ಎಂಬ ಅಂಕಿತದ ಆತನ ವಚನಗಳಲ್ಲಿ ಹೆಂಡದ ಕಸುಬಿನ ಮಾತುಗಳೇ ಅನುಭಾವದ ಮಾತುಗಳಾಗಿವೆ. ಯಾವ ಕಸುಬಿನ ಮಾತೂ ಕೀಳಲ್ಲ, ಅದರಿಂದ ಹಿರಿದನ್ನು ಹೇಳಬಹುದು ಎಂದು ಅನುಭವ ಮಂಟಪದ ಕಾಲದಲ್ಲಿಯೇ ತೋರಿಸಿಕೊಟ್ಟಾಗಿದೆ.

ಇನ್ನು ನಮ್ಮ ಕಾಲದ ಮಾತು. ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ಒಯ್ದು ಬಿಡುಗಡೆ ಮಾಡಿತು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರುವ ಧೈರ್ಯವಿದು. ಅದರ ಫ್ಯೂಶನ್ ಎಂಬ ವಿಸ್ಕಿಗೆ 2010ರಲ್ಲಿ ಇಂಗ್ಲೆಂಡಿನ ವಿಮರ್ಶಕ ಜಿಮ್ ಮರೆ ಜಗತ್ತಿನ ಮೂರನೆಯ ಸ್ಥಾನ ಕೊಟ್ಟರು. ಆದರೆ ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ಶೇಕಡಾ 10ರಿಂದ 12ರಷ್ಟು ಆವಿಯಾಗುತ್ತದೆ. 2013ರಲ್ಲಿ ಎಂಟು ವರ್ಷ ಹಳೆಯ ಮಾಲನ್ನು ಹೊರತಂದಾಗ ಅದಕ್ಕೆ ಗ್ರೀಡಿ ಏಂಜಲ್ಸ್, ದುರಾಸೆಯ ದೇವದೂತರು, ಎಂದು ಹೆಸರಿಟ್ಟರು. ಮಾಸ್ತರರು ಮತ್ತೆ ಕಾಗದ ತೆಗೆದರು: ಶೇಕಡಾ 11ರ ಲೆಕ್ಕದಲ್ಲಿ ಅದೇ 250 ಲೀಟರ್ ನಮ್ಮ ಕಡೆ ಮೂವತ್ತು ವರ್ಷ ಇದ್ದರೆ ಉಳಿಯುವುದು ಏಳೂವರೆ ಲೀಟರ್. ಕಾವು ಹೆಚ್ಚಿದಲ್ಲಿ ಬೇಗ ಮಾಗುತ್ತದೆ, ಬೇಗ ತೀರುತ್ತದೆ. ಅಂತಹ ಕಡೆ ಸುಮ್ಮನೆ ಇಟ್ಟರೆ ಸಾಲದು. ಮೇಲಿಂದ ಮೇಲೆ ತೆಗೆದು ನೋಡುತ್ತಿರಬೇಕು. ಗಡಿಯ ನುಡಿಗೂ ಕಾವು ಹೆಚ್ಚು. ನಡುನಾಡಿನಲ್ಲಿ ಮೂರು ತಲೆಮಾರಿಗೆ ಸೋರುವ ಮಾತು ನಮ್ಮಲ್ಲಿ ಒಂದೇ ತಲೆಮಾರಿಗೆ ಸೋರುತ್ತದೆ.

ಸ್ಕಾಟ್ಲೆಂಡಿನ ಗಾರ್ಡನ್ ಅಂಡ್ ಮ್ಯಾಕ್‌ಫೇಲ್ ಎಂಬ ಹಳೆಯ ವ್ಯಾಪಾರಿ ಮನೆತನ 1940ರ ಫೆಬ್ರವರಿ 3ರಂದು ಗ್ಲೆನ್‌ಲಿವೆಟ್ ಭಟ್ಟಿಯ ಮದ್ಯವನ್ನು ಒಂದು ಪೀಪಾಯಿಗೆ ತುಂಬಿಸಿತು. ಆಗ ಮಹಾಯುದ್ಧದ ಕಾಲ. ಅದನ್ನು ತೆರೆದು 250 ಸೀಸೆಗಳಲ್ಲಿ ಹೊರತಂದದ್ದು 80 ವರ್ಷ ಮಾಗಿಸಿದ ಮೇಲೆ, 2021ರಲ್ಲಿ. ತುಂಬಿಸಿದವರು ಅದರ ರುಚಿ ನೋಡಲು ಉಳಿದಿರಲಿಲ್ಲ. ಉಳಿಯುವುದಿಲ್ಲವೆಂದು ತಿಳಿದೇ ಮೊಮ್ಮಕ್ಕಳ ಕಾಲಕ್ಕಾಗಿ ತುಂಬಿಸಿದ್ದರು. ಹಗೇವು ತುಂಬಿದ ನಮ್ಮ ಮುತ್ತಜ್ಜಂದಿರೂ ಮುಂದಿನ ಬರವನ್ನು ನೆನೆದೇ ತುಂಬಿದವರು.

ನಾರಾಯಣಖೇಡದ ಗೆಳೆಯರ ಪಾಲು ಗ್ಲಾಸಿನಲ್ಲಿ ಹಾಗೆಯೇ ಉಳಿಯಿತು. ಅದನ್ನು ಕುಡಿಯಲು ನಮ್ಮಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಮರುದಿನ ಬೆಳಿಗ್ಗೆ ಅಕ್ಕ ಗ್ಲಾಸುಗಳನ್ನು ತೊಳೆಯಲು ಒಯ್ದವರು, ಆರಿಹೋದ ಗ್ಲಾಸೊಂದನ್ನು ಮೂಸಿ, ಸಂದೂಕದಾಗಿನ ಅವ್ವನ ಇರಕಲ್ ಸೀರೆಯ ವಾಸನೆ ಎಂದರಂತೆ. ಮಗ ಅದನ್ನು ಕೂಡಲೇ ಬರೆದುಕೊಂಡು ನಮಗೆ ಕಳಿಸಿದ. ಸಂದೂಕ ಎಂಬ ಮಾತಿಗೆ ಅರ್ಥವನ್ನೂ ಕೇಳಿ ಬರೆದುಕೊಂಡಿದ್ದ.

ಅಂದಿನಿಂದ ನಾವು ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಕಡೆಯ ಮನೆಗಳಲ್ಲಿ ವಾಸನೆಗೆ, ರುಚಿಗೆ, ಕೂಡಿಡುವ ಬಗೆಗಳಿಗೆ ಇರುವ ಮಾತುಗಳನ್ನು ಅದರಲ್ಲಿ ಬರೆಯುತ್ತಿದ್ದೇವೆ. ಹಗೇವು, ಮುಗ್ಗಲು, ಕಮಟು, ಒಗರು, ಸೀದ ವಾಸನೆ, ಕಮ್ಮಗೆ, ಘಮ್ಮನೆ, ಗಡಿಗೆ, ಕಣಜ, ಗುಮ್ಮಿ. ಒಂದೊಂದು ಮಾತಿನ ಮುಂದೆಯೂ ಅದನ್ನು ಯಾವ ಊರಿನಲ್ಲಿ ಕೇಳಿದೆವು ಎಂಬುದನ್ನು ಬರೆದಿದ್ದೇವೆ. ಹಾಳೆಗಳು ಇನ್ನೂ ಬಹಳ ಖಾಲಿ ಇವೆ. ಸಮ್ಮೇಳನಕ್ಕೆ ಬರುವ ತಾಯಂದಿರು, ಹಿರಿಯರು ತಮ್ಮ ಮನೆಯ ಒಂದು ಮಾತನ್ನಾದರೂ ನಮಗೆ ಕೊಟ್ಟು ಹೋಗಬೇಕೆಂದು ಬೇಡಿಕೊಳ್ಳುತ್ತೇವೆ. ಸಭಾಂಗಣದ ಬಾಗಿಲ ಬಳಿ, ಪುಸ್ತಕದ ಮೇಜಿನ ಮೇಲೆ, ಪೆನ್ನು ಕಟ್ಟಿದ ಆ ನೋಟುಪುಸ್ತಕ ಎರಡೂ ದಿನ ಇರುತ್ತದೆ.